ತಳ ಕಾಣುವ ನೀರು

ನೀರಿನ ತಳಕ್ಕೆ ಬಿದ್ದ ಕೋಟಿನ ಗುಂಡಿಯ ನಾಲ್ಕು ತೂತುಗಳು ದಡದಲ್ಲಿ ನಿಂತವನ ಕಣ್ಣಿಗೆ ಕಾಣಬೇಕೋ ಬೇಡವೋ? ದೇಶಗಳ ಗಡಿ, ಆಸ್ತಿಯ ಪಾಲು, ಆತ್ಮದ ಗತಿ ಮುಂತಾದ ಸಣ್ಣಪುಟ್ಟ ಸಂಗತಿಗಳನ್ನು ಬದಿಗಿಟ್ಟು, ಮನುಷ್ಯರೆಲ್ಲ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ ಇದು ಎಂದು ಕ್ಲೋರಿನಣ್ಣ ನಂಬಿದ್ದ. ಅವನ ಉತ್ತರದಲ್ಲಿ ಗೊಂದಲವೇನೂ ಇರಲಿಲ್ಲ. ಕಾಣಬೇಕು.

ಪೇಟೆಯ ಈಜುಕೊಳದ ನೀರು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಈಜಲು ಬರುವವರು ಇಟ್ಟ ಹೆಸರೇ ಅವನಿಗೆ ಅಂಟಿಕೊಂಡಿತ್ತು. ಹೆಂಡತಿ ದರ್ಜಿ. ಮದುವೆಯ ಹೊಸತರಲ್ಲಿ ಅವಳ ಡಬ್ಬಿಯಿಂದ ಎತ್ತಿಕೊಂಡ ಒಂದು ಬಿಳಿ ಗುಂಡಿಯನ್ನು ದಿನಾ ಬೆಳಿಗ್ಗೆ ಕೊಳದ ಆಳದ ಕಡೆಗೆ ಎಸೆದು, ದಡದಲ್ಲಿ ಬಗ್ಗಿ, ತೂತು ಎಣಿಸಿ, ಆಮೇಲೆ ಮುಳುಗಿ ಎತ್ತಿಕೊಂಡು ಬಂದ ಮೇಲೆಯೇ ಗೇಟು ತೆಗೆಸುತ್ತಿದ್ದ. ಅಷ್ಟು ಆಳದಲ್ಲಿ ತೂತು ನಿಜಕ್ಕೂ ಕಾಣುತ್ತಿತ್ತೋ, ಅಥವಾ ಗುಂಡಿಗೆ ನಾಲ್ಕು ತೂತು ಇರುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತೋ, ಯಾರೂ ಕೇಳಲು ಹೋಗಿರಲಿಲ್ಲ.

ಕೊಳ ಮುಚ್ಚಿ, ಅದರ ಮೇಲೆ ಕಾರು ನಿಲ್ಲಿಸುವ ಕಟ್ಟಡ ಎದ್ದಿತು. ಕ್ಲೋರಿನಣ್ಣ ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಸುಸ್ತಾಗಿರಬೇಕು ಎಂದುಕೊಂಡಳು ಹೆಂಡತಿ. ಆಮೇಲೆ, ಕೋಪ ಇರಬೇಕು ಎಂದುಕೊಂಡಳು. ಕೊನೆಗೆ ಅಂದುಕೊಳ್ಳುವುದನ್ನೇ ಬಿಟ್ಟಳು. ಅವಳ ಹೊಲಿಗೆ ಯಂತ್ರ ನಿಂತರೆ ಆ ಮನೆಯಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ.

ಬೇರೆ ಊರಿನಲ್ಲಿ ಗಾಜಿನ ವ್ಯಾಪಾರ ಮಾಡುತ್ತಿದ್ದ ಅವಳ ತಮ್ಮ ಫೋನಿನಲ್ಲೇ ಪರಿಹಾರ ಕೊಟ್ಟ.

“ಅಕ್ಕಾ, ಇಬ್ರೂ ಇಲ್ಲಿಗೆ ಬಂದ್ಬಿಡಿ. ಅಂಗಡಿ ಮೇಲೆ ಎರಡು ರೂಮಿದೆ. ಭಾವ ಬಾಗಿಲಲ್ಲಿ ಕೂತ್ಕೊಂಡು ಬಂದೋರಿಗೆ ನಮಸ್ಕಾರ ಅಂದ್ರೆ ಸಾಕು. ನಿಮ್ಮ ಹಿತ್ತಲಲ್ಲಿ ಅಪ್ಪ ಗಿಡ ಬೆಳೆಸೋಕೆ ಕಟ್ಸಿದ ಗಾಜಿನ ಮನೆ ಖಾಲಿ ಬಿದ್ದಿದೆಯಲ್ಲ, ಅದನ್ನ ಬಿಚ್ಚಿಸ್ಕೊಂಡು ಬರ್ತೀನಿ. ಅಂಥ ದಪ್ಪ ಗಾಜು ಈಗೆಲ್ಲಿ ಸಿಗತ್ತೆ ಹೇಳು?”

ಅವನ ಮನಸ್ಸು ಅಕ್ಕನಿಗಾಗಿ ಕರಗಿದ್ದೆಷ್ಟು, ಗಾಜಿಗಾಗಿ ಕರಗಿದ್ದೆಷ್ಟು ಎಂದು ಬೇರೆ ಮಾಡುವುದು ಕಷ್ಟ. ಅವನಿಗೂ ಕಷ್ಟವೇ ಆಗಿದ್ದಿರಬೇಕು.

ನಮಸ್ಕಾರದ ಮಾತು ಗೋಡೆಯವರೆಗೂ ಕೇಳಿಸಿತು. ಮಾರನೆಯ ಬೆಳಿಗ್ಗೆ ಕ್ಲೋರಿನಣ್ಣ ಎದ್ದು ಕೂತು, ಹೆಂಡತಿಯ ಮುಂದೆ ಮೊಬೈಲು ಹಿಡಿದ. ಅದರಲ್ಲಿ ಯಾರೋ ಒಬ್ಬ ತೊಟ್ಟಿಯ ಪಕ್ಕ ನಿಂತು ನಗುತ್ತಿದ್ದ.

“ಏನ್ರೀ ಇದು?”

“ಕೆಳಗೆ ತೊಟ್ಟೀಲಿ ಮೀನು, ಮೇಲೆ ಜಲ್ಲೀಲಿ ಸೊಪ್ಪು. ಮೀನಿನ ಹೊಲಸು ನೀರು ಪಂಪಲ್ಲಿ ಮೇಲಕ್ಕೆ ಹೋಗತ್ತೆ. ಗಿಡಕ್ಕೆ ಅದೇ ಗೊಬ್ಬರ. ನೀರು ಶುದ್ಧ ಆಗಿ ಮತ್ತೆ ಕೆಳಗೆ ಬೀಳತ್ತೆ. ಮಣ್ಣೇ ಬೇಡ. ನಮ್ಮ ಗಾಜಿನ ಮನೇಲಿ ಮಾಡ್ತೀನಿ.”

“ಅಂದ್ರೆ ಒಂದು ಗಲೀಜು ಮಾಡ್ತಾ ಇರತ್ತೆ, ಇನ್ನೊಂದು ಬಳೀತಾ ಇರತ್ತೆ.”

“ಹೂಂ.”

“ಅದಕ್ಕೆ ಗಾಜಿನ ಮನೆ ಯಾಕೆ ಬೇಕು? ನಮ್ಮನೇಲಿ ಅದೇ ನಡೀತಿದೆಯಲ್ಲ.”

ಕ್ಲೋರಿನಣ್ಣ ನಗಲಿಲ್ಲ. ಆದರೆ ಮತ್ತೆ ಮಲಗಲೂ ಇಲ್ಲ. ಅವಳು ಬಟ್ಟೆಯ ಮೇಲಿನ ಕತ್ತರಿಯನ್ನು ಪಕ್ಕಕ್ಕಿಟ್ಟಳು.

“ನೋಡಿ, ಊರು ಬಿಟ್ಟು ಹೋಗೋಕೆ ನನಗೇನು ಆಸೆ ಇದೆಯಾ? ಈ ಗೋಡೆ ಜೊತೆ ಸಂಸಾರ ಮಾಡಕ್ಕಾಗಲ್ಲ, ಅಷ್ಟೆ. ಚಳಿ ಹಿಡಿಯೋದ್ರೊಳಗೆ ಆ ಗಾಜಿನ ಮನೆಯಿಂದ ಒಂದು ಹೊತ್ತಿನ ಊಟಕ್ಕೆ ಏನಾದ್ರೂ ಬರ್ಲಿ. ಬಂದ್ರೆ, ನಾವು ಊರು ಬಿಡೋಲ್ಲ ಅಂತ ತಮ್ಮಂಗೆ ನಾನೇ ಹೇಳ್ತೀನಿ.”

ಹೀಗೆ ಒಂದು ಹೊತ್ತಿನ ಊಟದ ಮೇಲೆ ಮನೆ, ಊರು ಮತ್ತು ಒಬ್ಬ ಗಂಡಸಿನ ಮಾನ ನಿಂತಿತು.

ಕೈಕೆಲಸದಲ್ಲಿ ಅವನನ್ನು ಹೀಗಳೆಯುವಂತಿರಲಿಲ್ಲ. ಒಡೆದ ಹೂಕುಂಡಗಳನ್ನು ಹೊರಗೆ ಹಾಕಿದ. ಗಾಜಿನ ಪಾಚಿ ಕೆರೆದ. ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಕೂರಿಸಿ, ಅದರ ಮೇಲೆ ಮರದ ಚೌಕಟ್ಟಿನಲ್ಲಿ ಜಲ್ಲಿಯ ಹಾಸು ಎಬ್ಬಿಸಿ, ಪೈಪುಗಳನ್ನು ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಜೋಡಿಸಿದ. ಜೀವಮಾನವೆಲ್ಲ ನೀರಿಗೆ ಕ್ಲೋರಿನ್ ಬೆರೆಸಿದವನು ಈಗ ಕ್ಲೋರಿನ್ ಹಾರಿಹೋಗಲೆಂದು ನಲ್ಲಿ ನೀರನ್ನು ಬಿಸಿಲಿಗಿಟ್ಟು ಕಾದ. ಮೀನಿಗೆ ಅದು ವಿಷವೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರಿಗಳನ್ನು ಕೊಟ್ಟದ್ದು ಬಸ್ ನಿಲ್ದಾಣದ ಹಿಂದಿನ ಮೀನಂಗಡಿಯಾಕೆ. ಅವಳು ಸರಕಿನ ಜೊತೆ ಉಪದೇಶವನ್ನು ಪುಕ್ಕಟೆ ಕಟ್ಟಿಕೊಡುತ್ತಿದ್ದಳು.

“ಅಣ್ಣಾ, ಕೆಂಪು ಅಂಗಿ ಹಾಕ್ಕೊಂಡು ಹತ್ರ ಹೋಗ್ಬೇಡಿ, ಎದೆ ಒಡ್ಕೊಳ್ತಾವೆ. ಅಕ್ಕನ ಜೊತೆ ಜಗಳ ಇದ್ರೆ ಹೊರಗೆ ಮುಗಿಸ್ಕೊಂಡು ಹೋಗಿ. ಹಾಡು ಹಾಕಿ, ಬೇಗ ದಪ್ಪ ಆಗ್ತಾವೆ. ಜಲ್ಲಿಗೆ ಕಂದು ಲೋಳೆ ಹಿಡಿಯತ್ತೆ, ಅದನ್ನ ಮಾತ್ರ ಮುಟ್ಬೇಡಿ. ಮೀನು ಬಿಟ್ಟ ವಿಷನ ಅರಗಿಸೋದೇ ಅದು, ಜೀವ ಇರತ್ತೆ ಅದ್ರಲ್ಲಿ. ಆಮೇಲೆ, ಕನ್ನಡಿ ತೋರಿಸ್ಬೇಡಿ.”

ಇಷ್ಟರಲ್ಲಿ ನಿಜವಾದದ್ದು ಒಂದೇ ಒಂದು ಮಾತು. ಎಲ್ಲವೂ ಒಂದೇ ದನಿಯಲ್ಲಿ ಬಂದದ್ದರಿಂದ ಕ್ಲೋರಿನಣ್ಣ ಅದನ್ನೂ ಕನ್ನಡಿಯ ಜೊತೆ ಸೇರಿಸಿ ಮರೆತ.

ಮೊದಲು ಒಂದೆರಡು ಮರಿಗಳು ಕೈಕೊಟ್ಟವು. ಆಮೇಲೆ ಜಲ್ಲಿಗೆ ಲೋಳೆ ಹಿಡಿಯಿತು, ಮೀನುಗಳು ಮೇವಿಗೆ ಮುಗಿಬೀಳತೊಡಗಿದವು. ಪಾಲಕ್ ಎಲೆ ಅಗಲವಾಯಿತು. ಪುದೀನ ಚೌಕಟ್ಟು ದಾಟಿ ಇಣುಕಿತು. ಹೆಂಡತಿ ಕೈಹೊಲಿಗೆಯ ಬಟ್ಟೆಗಳನ್ನು ತಂದು ಗಾಜಿನ ಮನೆಯಲ್ಲೇ ಸ್ಟೂಲು ಹಾಕಿಕೊಂಡು ಕೂರಲು ಶುರುಮಾಡಿದಳು. ಎಲ್ಲರಿಗಿಂತ ಮೊದಲು ಬಾಯಿ ಹಾಕುವ ಒಂದು ಡೊಳ್ಳುಹೊಟ್ಟೆಯ ಮೀನಿಗೆ ಅವಳು “ಇನ್ನೊಂಚೂರು ಬಿಗಿ ಮೇಡಂ” ಎಂದು ಹೆಸರಿಟ್ಟಳು.

“ಯಾರೇ ಅದು?”

“ನನ್ನ ಗಿರಾಕಿ. ಪ್ರತಿ ಸಲ ಇನ್ನೊಂಚೂರು ಬಿಗಿ ಮಾಡಿ ಅಂತಾರೆ. ಆಮೇಲೆ ಉಸಿರಾಡಕ್ಕಾಗ್ತಿಲ್ಲ ಅಂತ ನನ್ನ ಮೇಲೇ ಎಗರಾಡ್ತಾರೆ.”

ಕ್ಲೋರಿನಣ್ಣನ ಬಾಯಿಯ ಒಂದು ಮೂಲೆ ಅಲುಗಿತು. ಬಹಳ ಕಾಲದ ಮೇಲೆ ಆ ಮನೆಯಲ್ಲಿ ಎರಡು ಜನರ ಮಾತು ಕೇಳಿಸುತ್ತಿತ್ತು.

ಒಂದೇ ಕೊರತೆ. ಬೆಳಿಗ್ಗೆ ಅವನು ತೊಟ್ಟಿಗೆ ಗುಂಡಿ ಹಾಕಿ ಬಗ್ಗಿ ನೋಡಿದರೆ ತೂತು ಹೋಗಲಿ, ಗುಂಡಿಯೇ ಕಾಣುತ್ತಿರಲಿಲ್ಲ. ನೀರು ಕಂದಾಗಿತ್ತು. ಮೀನು, ಗಿಡ ಎರಡೂ ಸುಖವಾಗಿದ್ದಾಗ ಅಂಥ ನೀರು ಹಾಗೇ ಇರಬಹುದು. ಆದರೆ ಸುಖವಾಗಿರುವುದು ಬೇರೆ, ಸರಿಯಾಗಿರುವುದು ಬೇರೆ ಎಂಬುದು ಅವನ ಸಿದ್ಧಾಂತ.

ಒಂದು ಸಂಜೆ ಅವಳು ಲಂಗದ ಅಂಚು ಮಡಿಸುತ್ತಾ, ತಲೆ ಎತ್ತದೆ, “ನೀರು ಚಹಾ ಥರ ಆಗಿದೆಯಲ್ರೀ” ಎಂದಳು. ಹಾಗೆಂದು ದಾರ ಕಡಿದಳು. ಆ ಮಾತಿಗೆ ಅವಳ ಮನಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಜಾಗವಿರಲಿಲ್ಲ. ಮರುಗಳಿಗೆಗೆ, “ಹಾಂ, ತಮ್ಮ ಮುಂದಿನ ವಾರ ಬರ್ತಾನಂತೆ. ಬರ್ಲಿ. ಊಟಕ್ಕೆ ಇದೇ ಸೊಪ್ಪು ಹಾಕ್ತೀನಿ, ತಿಂದ್ಕೊಂಡು ವಾಪಸ್ ಹೋಗ್ಲಿ” ಎಂದು ನಕ್ಕಳು.

ಅವನ ಕಿವಿಗೆ ಬಿದ್ದದ್ದು ಎರಡೇ. ನೀರು ಚಹಾ ಥರ ಆಗಿದೆ. ನೋಡಲು ಜನ ಬರುತ್ತಾರೆ.

ಕೊಳ ನೋಡಲು ಮೇಲಧಿಕಾರಿಗಳು ಬರುತ್ತಾರೆಂದರೆ ಏನು ಮಾಡಬೇಕೆಂದು ಅವನ ಕೈಗಳಿಗೇ ಗೊತ್ತಿತ್ತು. ಹೆಂಡತಿ ಶಾಲೆಯ ಸಮವಸ್ತ್ರಗಳ ಗಂಟು ಕೊಟ್ಟುಬರಲು ಹೋದ ದಿನ ಮೀನುಗಳನ್ನು ಬಕೆಟ್ಟುಗಳಿಗೆ ಹಾಕಿ ತೊಟ್ಟಿ ಬರಿದು ಮಾಡಿದ. ಗಿಡ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ. ಜಲ್ಲಿಯನ್ನೆಲ್ಲ ಹೊರಗೆ ಸುರಿದು ಬ್ರಷ್ಷಿನಿಂದ ತಿಕ್ಕಿದ, ಕುದಿಯುವ ನೀರು ಹುಯ್ದ, ಮತ್ತೆ ತಿಕ್ಕಿದ. ಲೋಳೆ ಮೋರಿ ಪಾಲಾಯಿತು. ಒಂದು ತೊಟ್ಟು ಕ್ಲೋರಿನ್ ಮುಟ್ಟಲಿಲ್ಲ. ಹೊಸ ನೀರನ್ನೂ ಮೊದಲೇ ಬಿಸಿಲಿಗಿಟ್ಟಿದ್ದ. ಅದನ್ನು ತುಂಬಿ, ಜಲ್ಲಿ, ಗಿಡ, ಮೀನು ಎಲ್ಲವನ್ನೂ ಮೊದಲಿನ ಜಾಗಕ್ಕೆ ಸೇರಿಸಿದ. ಅಷ್ಟು ಎಚ್ಚರದಿಂದ ಅಂಥ ತಪ್ಪು ಮಾಡುವುದು ಎಲ್ಲರಿಗೂ ಸಾಧ್ಯವಿಲ್ಲ.

ಅವಳು ಬಂದಾಗ ಅವನು ತೊಟ್ಟಿಯ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದ.

“ಬಾರೇ. ಎಣಿಸು.”

“ಒಂದು, ಎರಡು, ಮೂರು... ಅಯ್ಯೋ, ನಾಲ್ಕೂ ಕಾಣತ್ತಲ್ರೀ!” ಅವಳು ಗುಂಡಿಯನ್ನು ನೋಡಿದ್ದು ಒಂದು ಕ್ಷಣ. ಉಳಿದ ಹೊತ್ತೆಲ್ಲ ಗಂಡನ ಮುಖ ನೋಡುತ್ತಿದ್ದಳು. ಅದು ನಗುತ್ತಿತ್ತು.

ಎರಡು ದಿನ ಹಬ್ಬದಂತಿತ್ತು. ಆಮೇಲೆ ಮೀನುಗಳು ಮೇಲಕ್ಕೆ ಬಂದು ನೀರಿಗೆ ಮೂತಿ ಹಚ್ಚಿ ಬಾಯಿ ತೆಗೆದು ಮುಚ್ಚತೊಡಗಿದವು.

“ನೋಡೇ, ನನ್ನ ಗುರುತು ಹಿಡಿದಿವೆ. ಮೇಲೇ ಬಂದು ಕಾಯ್ತಾವೆ” ಎಂದು ಅವನು ಇನ್ನೊಂದು ಹಿಡಿ ಮೇವು ಹಾಕಿದ. ಈಜುಕೊಳದಲ್ಲಿ ಮಗುವೊಂದು ಹಾಗೆ ನೀರಿನ ಮೇಲೆ ಬಾಯಿ ತೆಗೆದಿದ್ದರೆ ಅವನು ಬಟ್ಟೆ ಸಮೇತ ಧುಮುಕಿರುತ್ತಿದ್ದ. ಇಲ್ಲಿ ನೀರು ತಿಳಿಯಾಗಿತ್ತು. ತಿಳಿನೀರಿನಲ್ಲಿ ಕೇಡು ಇರುತ್ತದೆಂದು ಅವನಿಗೆ ಯಾರು ಹೇಳಬೇಕಿತ್ತು?

ಬಾಮೈದ ಬರುವ ಹಿಂದಿನ ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಿಗಿ ಮೇಡಂ ಮೂಲೆಯಲ್ಲಿ, ಪೈಪಿನಿಂದ ನೀರು ಬೀಳುವ ಕಡೆಗೆ ಮೂತಿ ಮಾಡಿಕೊಂಡಿದ್ದಳು. ಪಾಲಕ್ ಬಾಡಿ ಜಲ್ಲಿಗೆ ಅಂಟಿತ್ತು. ಕ್ಲೋರಿನಣ್ಣ ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಮೀನಂಗಡಿಗೆ ನಡೆದ.

“ಇಷ್ಟು ಚೊಕ್ಕವಾಗಿದೆ?” ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು. “ಅಣ್ಣಾ, ಜಲ್ಲಿ ತೊಳೆದ್ರಾ?”

“ತೊಳೆದೆ.”

“ಯಾತರಲ್ಲಿ?”

“ಕುದಿಯೋ ನೀರಲ್ಲಿ. ಎರಡು ಸಲ.”

ಅವಳು ಬಾಟಲಿಯ ಮುಚ್ಚಳ ಬಿಗಿ ಮಾಡಿ ವಾಪಸು ಕೊಟ್ಟಳು. ಈ ಸಲ ಉಪದೇಶ ಕಟ್ಟಿಕೊಡಲಿಲ್ಲ. ಲೋಳೆಯ ಮಾತು ನೆನಪಾಗಿ ಅವನಿಗೆ ಎಲ್ಲ ಅರ್ಥವಾಯಿತು.

ಮಾರನೆಯ ದಿನ ಬಾಮೈದ ಲಾರಿ, ಇಬ್ಬರು ಆಳು, ಗಾಜಿಗೆ ಸುತ್ತಲು ಹಳೇ ಕಂಬಳಿ ಎಲ್ಲದರೊಂದಿಗೆ ಬಂದ. ಹೆಂಡತಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಗಾಜಿನ ಮನೆಗೆ ಬಂದಳು. ಪುದೀನ ಮಾತ್ರ ಹೇಗೋ ಬದುಕಿತ್ತು. ಅವಳು ಅದನ್ನು ಚಿವುಟಿ ಸೆರಗಿಗೆ ಹಾಕಿಕೊಂಡಳು.

“ಇಷ್ಟು ಸಾಕು. ಚಟ್ನಿ ಅರೀತೀನಿ. ಒಂದು ಹೊತ್ತಿನ ಊಟಕ್ಕೆ ಅಂದಿದ್ದೆ ತಾನೆ? ಆಯ್ತು. ಅವನನ್ನ ಕಳಿಸ್ಬಿಡ್ತೀನಿ.”

“ಬೇಡ.”

“ಮತ್ತೆ ಮರಿ ತರೋಣ ರೀ. ಜಲ್ಲಿ ಇದೆ, ತೊಟ್ಟಿ ಇದೆ. ಅದಕ್ಕೇನಂತೆ? ಲೋಳೆ ಮತ್ತೆ ಹಿಡಿಯಲ್ವಾ?”

“ಹಿಡಿಯತ್ತೆ.”

“ಮತ್ತೆ?”

“ಮತ್ತೆ ತೊಳೀತೀನಿ ಕಣೇ.” ಅವನು ಅವಳ ಕಡೆ ನೋಡಲಿಲ್ಲ. “ಈಗ ಗೊತ್ತಾಗಿದೆ. ಗೊತ್ತಾದ್ರೂ ತೊಳೀತೀನಿ. ಹಿಡಿದಿರೋದನ್ನ ನೋಡ್ತಾ ಇರೋಕೆ ನನ್ನ ಕೈಲಿ ಆಗಲ್ಲ. ಬಿಚ್ಚಲಿ ಬಿಡು.”

ಅವಳು ಸೆರಗಿನ ಪುದೀನವನ್ನು ಜಲ್ಲಿಯ ಮೇಲೆ ಕೊಡವಿ ಹೊರಗೆ ಹೋಗಿ ತಮ್ಮನಿಗೆ ಕೈ ತೋರಿಸಿದಳು.

“ಭಾವ, ಪಕ್ಕಕ್ಕೆ ಬನ್ನಿ, ಚೂರು ತಾಗೀತು” ಎಂದ ಬಾಮೈದ, ಮರ್ಯಾದೆಯಿಂದಲೇ.

ಬಿಚ್ಚುವ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಒಂದು ಗಾಜೂ ಒಡೆಯಲಿಲ್ಲ. ತೊಟ್ಟಿಯನ್ನು ಯಾರೂ ಬರಿದು ಮಾಡಲಿಲ್ಲ. ತಳದಲ್ಲೇ ಉಳಿದ ಗುಂಡಿಯ ನಾಲ್ಕೂ ತೂತು ಕಾಣುತ್ತಿದ್ದವು. ಚಳಿ ಹಿಡಿಯುವ ಮೊದಲೇ ಗಂಡ ಹೆಂಡತಿ ಬಾಮೈದನ ಊರಿಗೆ ಹೋದರು. ಕ್ಲೋರಿನಣ್ಣ ಈಗ ಗಾಜಿನಂಗಡಿಯ ಬಾಗಿಲಲ್ಲಿ ಕೂತು ಬಂದವರಿಗೆ ನಮಸ್ಕಾರ ಹೇಳುತ್ತಾನೆ.