ಒಲೆ ಆರಿಸುವ ಕೈ

ಅತ್ತಿಗೆ, ಎಂದರೆ ನಮ್ಮ ಯಜಮಾನರ ಅಕ್ಕ, ಅಂದು ಸಂಜೆ ಆಸ್ಪತ್ರೆಗೆ ಸೇರಬೇಕಿತ್ತು. ಗಂಟಲೊಳಗಿನ ಗಂಟು ತೆಗೆದ ಮೇಲೆ ದನಿ ಮೊದಲಿನ ಹಾಗೆ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ನನ್ನ ಮಗಳನ್ನು ಅವರು ಮಲಗಿಸುತ್ತಿದ್ದ ಹಾಡೊಂದಿದೆ. ಅವರೇ ಕಟ್ಟಿದ್ದು. ನಾನು ಕೈಸೋಲುವಷ್ಟು ತಟ್ಟಿದರೂ ಕಣ್ಣು ಮುಚ್ಚದ ಕೂಸು ಆ ಹಾಡು ಶುರುವಾದರೆ ಸಾಕು, ನಿದ್ದೆ ಹೋಗುತ್ತಿತ್ತು. ನನಗೆ ಆಗ ಹೊಟ್ಟೆಕಿಚ್ಚೇ ಆಗುತ್ತಿತ್ತು ಅನ್ನಿ. ಈಗ ಆ ಹಾಡನ್ನು ಅತ್ತಿಗೆಯ ಜೊತೆ ಕೂತು ತಾನೂ ಹಾಡಿ, ಹೊರಡುವ ಮೊದಲು ರೆಕಾರ್ಡ್ ಮಾಡಬೇಕೆಂದು ಮಗಳ ಹಟ. ಫೋನಿನಲ್ಲಿ ಮಾಡಿ ನೋಡಿದ್ದಳು. ಅತ್ತಿಗೆಯ ದನಿಗಿಂತ ಫ್ಯಾನಿನ ಸದ್ದೇ ಜೋರಾಗಿತ್ತು.

ಮಗಳ ಕೋಣೆಯಲ್ಲಿ ಮೈಕ್ ಇದೆ. ಮೈಕಿನ ದನಿಯನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆಗೆ ಅವಳು ಇಂಟರ್‌ಫೇಸ್ ಎನ್ನುತ್ತಾಳೆ. ನನಗೆ ಅದು ಡಬ್ಬ. ಹಾಡುವವರು ಕಂಪ್ಯೂಟರ್ ನುಡಿಸುವ ಶ್ರುತಿಯನ್ನು ಹೆಡ್‌ಫೋನಿನಲ್ಲೇ ಕೇಳಬೇಕಂತೆ, ಇಲ್ಲದಿದ್ದರೆ ಅದೂ ಮೈಕಿನೊಳಗೆ ಹೋಗುತ್ತದಂತೆ. ಡಬ್ಬದ ಮುಂದುಗಡೆ ಹೆಡ್‌ಫೋನಿಗೆ ಇರುವುದು ಒಂದೇ ತೂತು. ಅತ್ತಿಗೆಗೆ ಕಿವಿ ಬೇರೆ ಮಂದ. ಹೀಗಾಗಿ ಹೆಡ್‌ಫೋನ್ ಆಂಪ್ ಎಂಬ ಇನ್ನೊಂದು ಪುಟ್ಟ ಡಬ್ಬ ಬಂತು. ಅದು ದೊಡ್ಡ ಡಬ್ಬದ ಬೆನ್ನಿನಿಂದ ದನಿ ತೆಗೆದುಕೊಂಡು, ಗಟ್ಟಿ ಮಾಡಿ ಇಬ್ಬರಿಗೆ ಹಂಚುತ್ತದೆ.

ಊಟವಾದದ್ದೇ ಮಗಳು ಮೈಕಿನ ಸ್ಟ್ಯಾಂಡ್ ತರಲು ಗೆಳತಿಯ ಮನೆಗೆ ಹೊರಟಳು.

“ಬಂದು ನಾನೇ ಜೋಡಿಸ್ತೀನಿ. ನೀನು ಮುಟ್ಬೇಡಮ್ಮ.”

ಇಸ್ತ್ರಿ ಪೆಟ್ಟಿಗೆಯ ವೈರನ್ನು ಸ್ವಂತ ಕೈಯಿಂದ ಬದಲಾಯಿಸಿದವಳಿಗೆ ಹೇಳುವ ಮಾತೇ ಇದು? ಸೆರಗಿಗೆ ಕೈ ಒರೆಸಿಕೊಂಡು ಕೂತೇಬಿಟ್ಟೆ. ಆಂಪಿನ ಜೊತೆ ಬಂದ ಚೀಟಿಯಲ್ಲಿ, ವೈರು ಜೋಡಿಸುವ ಮೊದಲು ದನಿ ಪೂರ್ತಿ ಇಳಿಸಿ ಎಂದಿತ್ತು. ಮನೆಯಲ್ಲಿ ದಿನವಿಡೀ ‘ಆರಿಸಿ, ಇಳಿಸಿ’ ಎನ್ನುವವಳು ನಾನು; ಯಂತ್ರವೊಂದು ಮೊದಲ ಸಲ ನನ್ನ ಮಾತು ಆಡಿದಂತಾಯಿತು. ದೊಡ್ಡ ಡಬ್ಬದ ದೊಡ್ಡ ತಿರುಪನ್ನು ಸೊನ್ನೆಗೆ ತಂದೆ. ಹಿಂದಿನ ಎರಡು ತೂತಿನಿಂದ ಆಂಪಿಗೆ ವೈರು ಎಳೆದೆ. ಶ್ರುತಿ ಹಾಕಿ ಹೆಡ್‌ಫೋನ್ ಏರಿಸಿಕೊಂಡೆ.

ಸದ್ದೇ ಇಲ್ಲ. ಆಂಪಿನ ತಿರುಪುಗಳನ್ನು ತುದಿಯವರೆಗೆ ತಿರುಗಿಸಿದೆ. ಊಹೂಂ. ವೈರು ಕಿತ್ತೆ, ಅದಲುಬದಲು ಮಾಡಿದೆ, ಊದಿದೆ. ಅತ್ತಿಗೆ ದನಿ ಉಳಿಸಿಕೊಳ್ಳಲೆಂದು ಮಂಚದ ಮೇಲೆ ಸುಮ್ಮನೆ ಕೂತು ನೋಡುತ್ತಿದ್ದರು.

“ಪ್ಲಗ್ ಹಾಕಿದ್ದೀಯಾ?” ಎನ್ನುತ್ತ ಯಜಮಾನರು ಇಣುಕಿದರು.

“ಲೈಟ್ ಉರೀತಿರೋದು ಕಾಣಲ್ವಾ?”

“ಹಾಗಾದ್ರೆ ಕೆಟ್ಟಿದೆ. ನೀನು ಮುಟ್ಟಿದೀಯಲ್ಲ.”

“ರೀ, ನೀವು ಹೋಗಿ ಬಟ್ಟೆ ಮಡಚಿ.”

ಮಗಳು ಬೆವರು ಸುರಿಸುತ್ತ ಬಂದವಳೇ ಹಣೆ ಚಚ್ಚಿಕೊಂಡಳು. ಹೆಡ್‌ಫೋನನ್ನು ಆಂಪಿನಿಂದ ಕಿತ್ತು ದೊಡ್ಡ ಡಬ್ಬದ ಮುಂದಿನ ತೂತಿಗೇ ಸಿಕ್ಕಿಸಿದಳು. ಶ್ರುತಿ ಕೇಳಿಸಿತು. “ಇದು ಸರಿಯಾಗಿದೆ. ಆಂಪೇ ಹೋಗಿದೆ” ಎಂದವಳ ಮುಖ ಸಣ್ಣಗಾಯಿತು. ಹೊರಗೆ ಯಜಮಾನರು ಅತ್ತಿಗೆಯ ಬ್ಯಾಗಿನ ಜಿಪ್ ಎಳೆಯುವ ಸದ್ದು. ಕಡೇ ಸಲವೆಂದು ನಾನು ಹೆಡ್‌ಫೋನನ್ನು ಮತ್ತೆ ಆಂಪಿಗೆ ಹಾಕಿ ಕಿವಿಗೇರಿಸಿಕೊಂಡೆ.

ಆಗ ಅತ್ತಿಗೆ ಬಾಯಿ ಬಿಟ್ಟರು. “ಅಲ್ವೇ, ಆಗಿಂದ ನೋಡ್ತಿದ್ದೀನಿ. ಆ ದೊಡ್ಡ ತಿರುಪನ್ನ ಯಾಕೆ ಹಾಗೆ ಮುಟ್ಟಿ ಮುಟ್ಟಿ ನೋಡ್ತೀಯ? ಗ್ಯಾಸ್ ಆರಿಸಿದ್ದೀನಾ ಅಂತ ನೋಡೋ ಹಾಗೆ?”

“ಆಫ್ ಆಗಿದೆ ಅತ್ತಿಗೆ. ಏನೂ ಭಯ ಇಲ್ಲ” ಎಂದೆ, ಹೆಮ್ಮೆಯಿಂದಲೇ.

ಮಗಳು ನನ್ನನ್ನೇ ನೋಡಿದಳು. “ಅಮ್ಮಾ! ಮುಂದಿನ ತೂತಿಗೆ ಬೇರೆ ತಿರುಪು. ಹಿಂದಿನಿಂದ ಆಂಪಿಗೆ ದನಿ ಹೋಗೋದೇ ಇದರಿಂದ!”

“ಅಷ್ಟೇನಾ?” ಎಂದು ನಾನು ತಿರುಪನ್ನು ಪೂರ್ತಿ ತೆರೆದೆ. ಆಂಪಿನ ತಿರುಪುಗಳನ್ನೂ ತುದಿಗೆ ಏರಿಸಿಟ್ಟಿದ್ದೆ ಎಂಬುದು ಮರೆತಿತ್ತು. ಎರಡೂ ಕಿವಿಯೊಳಗೆ ಲಾರಿ ನುಗ್ಗಿದಂತಾಗಿ, ಹೆಡ್‌ಫೋನ್ ಕಿತ್ತೆಸೆದು ಚೀರಿದೆ. ಅತ್ತಿಗೆ ಗಂಟಲು ಹಿಡಿದುಕೊಂಡು ನಕ್ಕರು.

“ನಗಿಸ್ಬೇಡ್ವೇ, ಇರೋ ದನೀನೂ ಹೋಗುತ್ತೆ.”

ಮಗಳು ಎಲ್ಲವನ್ನೂ ಹದಕ್ಕೆ ತಂದು ಇಬ್ಬರ ಕಿವಿಗೂ ಹೆಡ್‌ಫೋನ್ ಹಾಕಿದಳು. “ಕೇಳಿಸ್ತಿದೆಯಾ ಅತ್ತೆ?” ಅತ್ತಿಗೆ ಕಣ್ಣರಳಿಸಿ ತಲೆಯಾಡಿಸಿದರು. “ಅಮ್ಮ, ನೀನು ಕೈ ಮೇಲೆ ಕೂತ್ಕೋ.”

ಕೂತೆ. ಫ್ಯಾನ್ ನಿಂತಿತು. ಶ್ರುತಿ ಅವರ ಕಿವಿಯೊಳಗಿತ್ತು. ನನಗೆ ಕೇಳಿಸಿದ್ದು ಬರೀ ಎರಡು ದನಿ. ಒಂದು ಕಡೆ ಅತ್ತಿಗೆಯ ದನಿ ಒಡೆದಾಗ ಮಗಳು ಆ ಸಾಲನ್ನು ಕೆಳಗೆ ಬೀಳಲು ಬಿಡದೆ ಎತ್ತಿಕೊಂಡಳು, ಹಿಂದೆ ಅವರು ಅವಳನ್ನು ಎತ್ತಿಕೊಳ್ಳುತ್ತಿದ್ದ ಹಾಗೆ. ನನ್ನ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಒರೆಸಿಕೊಳ್ಳೋಣವೆಂದರೆ ಕೈಗಳು ನನ್ನದೇ ಭಾರದಡಿ. ಮೂಗೆಳೆದರೆ ಮೈಕಿಗೆ ಕೇಳಿಸೀತು. ಹಾಗೇ ಸುರಿಯಲು ಬಿಟ್ಟು ಕೂತೆ.

ಆಪರೇಷನ್ ಆಯಿತು. ಸದ್ಯಕ್ಕೆ ಮಾತಾಡಕೂಡದು, ದನಿಯ ವಿಚಾರ ಆಮೇಲೆ ಎಂದರು ಡಾಕ್ಟರು. ನಾನು ಗಂಜಿ ತೆಗೆದುಕೊಂಡು ಹೋದಾಗ ಅತ್ತಿಗೆ ಹೆಡ್‌ಫೋನ್ ಹಾಕಿಕೊಂಡು ತಮ್ಮದೇ ಹಾಡು ಕೇಳುತ್ತ ಕಣ್ಣು ಮುಚ್ಚಿದ್ದರು. ಎಬ್ಬಿಸದೆ ಪಾತ್ರೆ ಇಟ್ಟು, ಹೊದಿಕೆ ಸರಿಮಾಡಿ ಬಾಗಿಲಿಗೆ ಬಂದೆ. ಹಿಂದಿನಿಂದ ಚಪ್ಪಾಳೆ ಕೇಳಿಸಿತು.

ಅತ್ತಿಗೆ ಎದ್ದು ಕೂತಿದ್ದರು. ಒಂದು ಕೈ ಮೇಲಿನ ಫ್ಯಾನನ್ನು ತೋರಿಸುತ್ತಿತ್ತು. ಇನ್ನೊಂದು ಕೈಯ ಬೆರಳುಗಳು ಗಾಳಿಯಲ್ಲಿ ತಿರುಪೊಂದನ್ನು ತಿರುಗಿಸುತ್ತಿದ್ದವು. ಸದ್ದಿಲ್ಲದ ನಗುವಿಗೆ ಭುಜ ಕುಲುಕುತ್ತಿತ್ತು.

ಫ್ಯಾನ್ ನಿಂತಿತ್ತು. ಯಾವಾಗ ಆರಿಸಿದೆನೋ, ದೇವರಾಣೆ ನನಗೆ ಗೊತ್ತಿಲ್ಲ.