ಬೇರಿಂಗ್ ಸರಿಯಾಗಿಯೇ ಇತ್ತು

ಆ ಬೀದಿಯಲ್ಲಿ ಯಾರ ಮನೆಯ ಪಂಪು ಕೆಟ್ಟರೂ, ಫ್ಯಾನು ಮುಷ್ಕರ ಹೂಡಿದರೂ ಮೋಟಾರು ಮೇಸ್ತ್ರಿಯ ಅಂಗಡಿಗೇ ಬರಬೇಕು. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ, ಒಳಗಿನ ಬೇರಿಂಗಿನ ಕಾಯಿಲೆ ಹೇಳುವುದರಲ್ಲಿ ಅವನದು ಎತ್ತಿದ ಕೈ. ಅಂಥ ಕಿವಿಗೆ ಎರಡು ವರ್ಷದಿಂದ ಒಂದು ಕಾಟ. ಎಲ್ಲ ಯಂತ್ರ ನಿಲ್ಲಿಸಿ ಬಾಗಿಲು ಹಾಕಿದರೂ ಸಣ್ಣಗೆ "ಕುಂಯ್" ಅನ್ನುವ ಸದ್ದು ನಿಲ್ಲುತ್ತಿರಲಿಲ್ಲ.

ಮೊದಲು ಮನೆಯ ಫ್ಯಾನು ಬಿಚ್ಚಿದ, ಆಮೇಲೆ ಫ್ರಿಜ್ಜು ಬಿಚ್ಚಿದ. "ನನಗೇನೂ ಕೇಳ್ತಿಲ್ಲ ರೀ" ಎಂದ ಹೆಂಡತಿಯ ಮೇಲೆ ರೇಗಿದ. ಸದ್ದು ತನ್ನ ತಲೆಯೊಳಗೇ ಇದೆ ಎಂದು ಗೊತ್ತಾದ ದಿನ ಬಾಯಿ ಹೊಲಿದುಕೊಂಡ. ತಲೆ ಕೆಟ್ಟಿದೆ ಅಂದುಬಿಟ್ಟರೆ?

ಟೀ ಅಂಗಡಿಯಲ್ಲಿ ನಾಲ್ಕು ಜನರ ಮಾತು ಕಲಸಿಹೋಗುತ್ತಿತ್ತು. ಅವರು ನಕ್ಕಾಗ ತಾನೂ ಸುಮ್ಮನೆ ನಕ್ಕು ನಕ್ಕು ಸಾಕಾಗಿ, ಅತ್ತ ಹೋಗುವುದನ್ನೇ ಬಿಟ್ಟ. ಮನೆಯಲ್ಲಿ ಹೆಂಡತಿಯೂ ಮಾತು ಬಿಟ್ಟಿದ್ದಾಳೆ ಅನ್ನಿಸಿತು. ಮುನಿಸಿಕೊಂಡಿರಬೇಕು ಎಂದು ಇವನೂ ಸುಮ್ಮನಾದ. ಎದುರುಬದುರು ಕೂತು ಉಣ್ಣುವಾಗಲೂ ತಾನು ಒಬ್ಬಂಟಿ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಆಸ್ಪತ್ರೆಯ ನರ್ಸಮ್ಮ ತಮ್ಮ ಮನೆಯ ಪಂಪು ತಂದರು. ಮೇಸ್ತ್ರಿ ಸ್ವಿಚ್ಚು ಹಾಕಿ, ಸ್ಕ್ರೂಡ್ರೈವರ್ ಆನಿಸಿ, ಕಣ್ಣು ಮುಚ್ಚಿದ. ಅಷ್ಟರಲ್ಲಿ ಕರೆಂಟು ಹೋಯಿತು. ಪಂಪು ನಿಂತಿತು, ಮೇಲಿನ ಫ್ಯಾನೂ ನಿಂತಿತು. ಮೇಸ್ತ್ರಿ ಮಾತ್ರ ಆಲಿಸುತ್ತಲೇ ಇದ್ದ.

"ಬೇರಿಂಗ್ ಹೋಗಿದೆ ನರ್ಸಮ್ಮ. ಇನ್ನೂ ಕುಂಯ್ ಅಂತಿದೆ."

"ಅಣ್ಣಾ, ಕರೆಂಟೇ ಇಲ್ವಲ್ಲ!"

ಮೇಸ್ತ್ರಿಯ ಮುಖ ಸಪ್ಪಗಾಯಿತು. ಎಷ್ಟು ಜನರ ಒಳ್ಳೆಯ ಬೇರಿಂಗು ಬಿಚ್ಚಿ ಎಸೆದೆನೋ ಎಂದುಕೊಂಡು ಸ್ಟೂಲಿನ ಮೇಲೆ ಕುಸಿದ. ಎರಡು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿಕೊಂಡ.

"ಕಿವಿ ಪರೀಕ್ಷೆ ಮಾಡಿಸಿದ್ರಾ?"

"ನನಗೆ ಕೇಳೋದು ಕಡಿಮೆ ಆಗಿಲ್ಲ, ಜಾಸ್ತಿ ಆಗಿದೆ! ಇಲ್ಲದ್ದೂ ಕೇಳಿಸ್ತಿದೆ. ಕಿವಿ ಕೇಳದವರ ಪರೀಕ್ಷೆ ನನಗ್ಯಾಕೆ?"

"ಅಲ್ಲೇ ಅಣ್ಣಾ ಮೋಸ ಹೋಗೋದು. ಹೊರಗಿನ ಸದ್ದು ಕಡಿಮೆ ಬಿದ್ದಾಗಲೇ ಎಷ್ಟೋ ಜನರಿಗೆ ಒಳಗಿನ ಸದ್ದು ಶುರುವಾಗುತ್ತೆ. ಕೆಲವರಿಗೆ ಕಿವಿಯಲ್ಲಿ ಬರೀ ಗುಗ್ಗೆ ತುಂಬಿರುತ್ತೆ. ನೋಡದೆ ಹೇಳೋದು ಹೇಗೆ?"

"ಸೂಜಿ ಚುಚ್ತಾರಾ?"

"ಇಷ್ಟು ದೊಡ್ಡ ಮೋಟಾರು ಎತ್ತೋರು ಸೂಜಿಗೆ ಹೆದರ್ತೀರಲ್ಲ! ಚುಚ್ಚೋದೂ ಇಲ್ಲ, ಕೊಯ್ಯೋದೂ ಇಲ್ಲ. ಅತ್ತಿಗೇನೂ ಕರ್ಕೊಂಡು ಬನ್ನಿ."

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಆಮೇಲೆ ಗಾಜಿನ ಕಿಟಕಿಯ ಪುಟ್ಟ ಕೋಣೆ. ಹೆಡ್‌ಫೋನು ಹಾಕಿಕೊಂಡು, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು, ಅಷ್ಟೇ. ಮೇಸ್ತ್ರಿ ಜಂಬದಿಂದ ಕೂತ. ಒತ್ತಿದ, ಒತ್ತಿದ, ಆಮೇಲೆ ಬಹಳ ಹೊತ್ತು ಒತ್ತಲೇ ಇಲ್ಲ. ಕಿಟಕಿಯಾಚೆ ಪರೀಕ್ಷೆಯ ಮೇಡಂ ಸದ್ದು ಬಿಡುತ್ತಲೇ ಇದ್ದದ್ದು, ಪಕ್ಕದಲ್ಲಿ ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದು ಕಂಡಿತು.

"ದಪ್ಪ ಸದ್ದು ಚೆನ್ನಾಗಿ ಕೇಳ್ತಿದೆ, ಸಣ್ಣ ಕೀರಲು ಸದ್ದು ಕಿವಿಗೆ ಬೀಳ್ತಿಲ್ಲ," ಎಂದರು ಪರೀಕ್ಷೆ ಮಾಡಿದ ಮೇಡಂ. "ಮೂವತ್ತು ವರ್ಷದ ಯಂತ್ರದ ಗದ್ದಲ ಅಲ್ವಾ? ಮನೇಲಿ ಮೆಲ್ಲಗೆ ಮಾತಾಡೋರು ಇದ್ರೆ, ಅವರ ಮಾತೇ ಮೊದಲು ತಪ್ಪಿಹೋಗೋದು."

ಹೆಂಡತಿ ನೆಲ ನೋಡುತ್ತ ಹೇಳಿದಳು: "ನಾನು ದಿನಾ ಮಾತಾಡಿಸ್ತಿದ್ದೆ. ಇವರು ತಿರುಗಿಯೂ ನೋಡ್ತಿರಲಿಲ್ಲ. ನಾನು ಬೇಡವಾದೆ ಅಂದ್ಕೊಂಡೆ."

ಆ ಮಾತೂ ಮೇಸ್ತ್ರಿಗೆ ಕೇಳಿಸಲಿಲ್ಲ. ಮೇಡಂ ಅದನ್ನು ಗಟ್ಟಿಯಾಗಿ ಇನ್ನೊಮ್ಮೆ ಹೇಳಬೇಕಾಯಿತು.

ಈಗ ಅವನ ಕಿವಿಯಲ್ಲಿ ಕೇಳುವ ಯಂತ್ರವಿದೆ. ಗದ್ದಲದ ಕೆಲಸಕ್ಕೆ ಕಿವಿ ಮುಚ್ಚುವ ಕವಚವಿದೆ. ಕುಂಯ್ ಪೂರ್ತಿ ಹೋಗಿಲ್ಲ. ಆದರೆ ಹೊರಗಿನ ಮಾತು ಒಳಗೆ ಬಂದಾಗ ಅದು ಹಿಂದೆ ಸರಿಯುತ್ತದೆ. ಯಂತ್ರ ಹಾಕಿಸಿಕೊಂಡ ಸಂಜೆ ಹೆಂಡತಿ ಒಲೆಯ ಕಡೆ ತಿರುಗಿಕೊಂಡೇ "ಉಪ್ಪು ಸಾಕಾ?" ಎಂದಳು. "ಸಾಕು ಕಣೆ" ಎಂದ. ಅಷ್ಟಕ್ಕೇ ಇಬ್ಬರಿಗೂ ಅಳು ಬಂತು.

ನಿಮ್ಮ ಕಿವಿಯಲ್ಲೂ ಗುಂಯ್, ಕುಂಯ್ ಅನ್ನುತ್ತಿದೆಯೇ? ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ, ನಾಚಿ ಮುಚ್ಚಿಡಬೇಡಿ. ಒಂದೇ ಕಿವಿಯಲ್ಲಿ ಸದ್ದಿದ್ದರೆ, ತಲೆ ಸುತ್ತಿದರೆ, ಇದ್ದಕ್ಕಿದ್ದಂತೆ ಕೇಳದಂತಾದರೆ ಅಂದೇ ಡಾಕ್ಟರ ಬಳಿ ಓಡಿ. ಮನೆಯಲ್ಲಿ ಯಾರಾದರೂ ಕರೆದರೆ ಓಗೊಡುತ್ತಿಲ್ಲವೇ? ಮುನಿಸಿಕೊಳ್ಳುವ ಮೊದಲು ಕೈಹಿಡಿದು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿ.