ಮೊಳೆ ಬಿದ್ದ ಹಾಡು

ಕುರ್ಚಿ, ಸೋಫಾಗಳಿಗೆ ಗಾದಿ ಕೂರಿಸುವವರ ಬಾಯಲ್ಲಿ ಸದಾ ಮೊಳೆ ಇರುತ್ತದೆ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆಗೆ ಬಾಯಿಯನ್ನು ಬಿಟ್ಟರೆ ಬೇರೆ ಜಾಗವೆಲ್ಲಿ? ಒಂದು ಹಿಡಿ ಸಣ್ಣ ಮೊಳೆಗಳನ್ನು ದವಡೆಗೆ ಒತ್ತರಿಸಿಕೊಂಡು, ನಾಲಗೆಯಿಂದ ಒಂದೊಂದನ್ನೇ ತುಟಿಗೆ ತಂದು ಹೊಡೆಯುವುದು. ಹಾಗಾಗಿ ಈ ಕಸುಬಿನವರು ಕೆಲಸದ ಹೊತ್ತಿನಲ್ಲಿ ಮಾತಾಡುವುದು ಕಡಿಮೆ, ಹಾಡುವುದಂತೂ ಇಲ್ಲವೇ ಇಲ್ಲ. ಹಾಡು ಹೊರಗಿನಿಂದಲೇ ಬರಬೇಕು.

ಮೊಳೆಯಕ್ಕನ ಕಾರ್ಖಾನೆಗೆ ಅದು ಬರುತ್ತಿದ್ದುದು ಫೋನಿನಿಂದ. ಕಾರ್ಖಾನೆ ಎಂದರೆ ಶಟರಿನ ಹಿಂದಿನ ಒಂದು ಉದ್ದ ಕೋಣೆ. ಅದರಲ್ಲಿ ಆಕೆ, ಆಕೆಯ ಗಂಡ, ಮತ್ತು ಹೊಟ್ಟೆ ಬಗೆಸಿಕೊಂಡು ಮಲಗಿದ ಸೋಫಾಗಳು. ತಿಂಗಳಿಗೊಮ್ಮೆ ದುಡ್ಡು ಕಟ್ಟುವ ಒಂದು ಆ್ಯಪಿನಲ್ಲಿ ಪ್ರಪಂಚದ ಹಾಡೆಲ್ಲ ಇದ್ದವಂತೆ. ಆಕೆಗೆ ಬೇಕಾಗಿದ್ದುದು ಒಂದೇ, ಚಿಕ್ಕಮ್ಮನದು.

ಚಿಕ್ಕಮ್ಮ ಹಾಡುಗಾರ್ತಿಯೇನಲ್ಲ. ಆಕೆಯೂ ಗಾದಿಯವಳೇ, ಮೊಳೆಯಕ್ಕನ ಕೈಗೆ ಸುತ್ತಿಗೆ ಕೊಟ್ಟವಳು. ಹಿಂದೊಮ್ಮೆ ರೆಕಾರ್ಡಿಂಗ್ ಸ್ಟುಡಿಯೋದ ಗೋಡೆಗೆ ಮೆತ್ತೆ ಹೊಡೆಯಲು ಹೋಗಿದ್ದಳು. ಆವತ್ತು ಹಿಮ್ಮೇಳದ ಹೆಂಗಸು ಕೈಕೊಟ್ಟಿದ್ದಳು. "ಏ ಗಾದಿಯಮ್ಮ, ಗುನುಗ್ತಾ ಇದ್ಯಲ್ಲ, ಬಾ ಇಲ್ಲಿ" ಎಂದು ಈಕೆಯನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಚಿಕ್ಕಮ್ಮ ಗಡಿಬಿಡಿಯಲ್ಲಿ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದಳು. ಒಂದು ಮಾತ್ರ ದವಡೆಯಲ್ಲೇ ಉಳಿಯಿತು. ಎರಡನೆಯ ಚರಣದ ಕೊನೆಯಲ್ಲಿ ದನಿ ಮೇಲೇರಿ ಬಾಯಿ ಅಗಲವಾದದ್ದೇ ತಡ, ಅದು ಜಾರಿ ನೆಲಕ್ಕೆ ಬಿತ್ತು. ಟಿಣ್! ಹಿಂದೆಯೇ ತಡೆಯಲಾಗದೆ ಕಿಸಕ್ಕನೆ ನಕ್ಕಳು. ಹಾಡಿನವರಿಗೆ ಅದೇನು ಹಿಡಿಸಿತೋ, ಹಾಗೇ ಬಿಟ್ಟರು.

ಚಿಕ್ಕಮ್ಮ ತೀರಿಕೊಂಡ ಮೇಲೆ ಮೊಳೆಯಕ್ಕನ ಪಾಲಿಗೆ ಉಳಿದದ್ದು ಆ ಟಿಣ್, ಆ ನಗು. ಆ ಜಾಗ ಬಂದಾಗ ಗಂಡ ಹೆಂಡತಿ ಇಬ್ಬರೂ ಸುತ್ತಿಗೆ ಎತ್ತಿ ಹಿಡಿದು ಕಾಯುವುದು, ಟಿಣ್ ಎಂದಮೇಲೇ ಹೊಡೆಯುವುದು ಆ ಕೋಣೆಯ ವಾಡಿಕೆ.

ಒಂದು ಬೆಳಿಗ್ಗೆ ಇಬ್ಬರೂ ಎತ್ತಿದ ಸುತ್ತಿಗೆ ಎತ್ತಿಕೊಂಡೇ ನಿಂತರು. ಟಿಣ್ ಇಲ್ಲ, ನಗು ಇಲ್ಲ. ನೇರವಾಗಿ ಮೂರನೆಯ ಚರಣ.

ಮೊಳೆಯಕ್ಕ ಮೊಳೆಗಳನ್ನು ಅಂಗೈಗೆ ಉಗಿದಳು. "ಏನ್ರೀ ಇದು?"

ಗಂಡ ಫೋನಿನಲ್ಲಿ ಹುಡುಕಿದ. "ಹೊಸದಾಗಿ ಶುಚಿ ಮಾಡಿದ್ದು ಅಂತ ಹಾಕಿದಾರೆ ಕಣೆ. ಗದ್ದಲ ಎಲ್ಲ ತೆಗೆದಿದಾರಂತೆ."

"ನಮ್ಮ ಚಿಕ್ಕಮ್ಮ ಗದ್ದಲಾನಾ?"

"ಬದುಕಿದ್ದಾಗ ಸ್ವಲ್ಪ ಹಾಗೇ ಇದ್ರು..."

ಆಕೆ ನೋಡಿದ ನೋಟಕ್ಕೆ ಆತ ಮೆತ್ತಗೆ ಸ್ಪಂಜು ಕತ್ತರಿಸಲು ಎದ್ದುಹೋದ.

ಹಳೆಯದೇ ಬೇಕೆಂದು ಆ್ಯಪಿನವರಿಗೆ ಬರೆದರೆ, ಅದನ್ನು ತೆಗೆದುಹಾಕಲಾಗಿದೆ, ನಿಮ್ಮ ಅಭಿರುಚಿಗೆ ಹೊಂದುವ ಇನ್ನಷ್ಟು ಹಾಡುಗಳು ಇಲ್ಲಿವೆ ಎಂದು ಉತ್ತರ ಬಂತು.

"ದುಡ್ಡು ಕೊಟ್ಟಿದ್ದೀವಲ್ರೀ!"

"ಕೊಂಡಿಲ್ಲ ಕಣೆ, ಬಾಡಿಗೆಗೆ ತಗೊಂಡಿದ್ವಿ ಅಷ್ಟೆ."

"ಬಾಡಿಗೆ ಮನೆ ಆದ್ರೇನು? ನಾವು ಮಲಗಿದ್ದಾಗ ಬಂದು ಚಿಕ್ಕಮ್ಮನ್ನ ಎತ್ಕೊಂಡು ಹೋಗ್ತಾರಾ?"

ಗಂಡ ಫೋನನ್ನು ಮಗುಚಿ ಇಟ್ಟ.

ಹೀಗಿರುವಾಗ ಒಂದು ಕಾಫಿ ಅಂಗಡಿಯ ಕೆಲಸ ಬಂತು. ಅಳತೆಗೆ ಗಂಡನೇ ಹೋಗಿದ್ದ. ಬೆಂಚುಗಳನ್ನು ಗೋಡೆಗೇ ಕಟ್ಟಿಬಿಟ್ಟಿದ್ದರಿಂದ ಗಾದಿಗಳನ್ನು ಅಲ್ಲೇ ಹೊಡೆಯಬೇಕಿತ್ತು. ಮೊಳೆಯಕ್ಕ ಹಳೆಯ ಗಾದಿಗಳನ್ನೆಲ್ಲ ಕಿತ್ತು ರಾಶಿ ಹಾಕಿ, ಬಾಯಿಗೆ ಮೊಳೆ ತುಂಬಿಕೊಂಡು ತಲೆ ಎತ್ತಿದಳು. ಗೋಡೆಯ ತುಂಬ ಚೌಕಟ್ಟು. ಒಂದೊಂದರಲ್ಲೂ ಒಂದು ಹಳೆಯ ಗ್ರಾಮಫೋನ್ ರೆಕಾರ್ಡು, ಪಕ್ಕದಲ್ಲಿ ಅದರ ಹೊದಿಕೆ. ಒಂದು ಹೊದಿಕೆಯ ಮೇಲೆ ಹಾಡುಗಾರರ ಗುಂಪು ನಗುತ್ತ ನಿಂತಿತ್ತು. ಆಕೆಗೆ ಗುರುತು ಸಿಕ್ಕಿದ್ದು ಅವರದಲ್ಲ, ಅವರ ಬೆನ್ನ ಹಿಂದಿನ ಗೋಡೆಯದು. ವಜ್ರದಾಕಾರದ ಹೊಲಿಗೆ, ಮೂಲೆ ಮೂಲೆಗೂ ಬಟ್ಟೆ ಸುತ್ತಿದ ಗುಂಡಿ. ಚಿಕ್ಕಮ್ಮನ ಕೈಕೆಲಸ. ಕೆಳಗೆ ಅದೇ ಹಾಡಿನ ಹೆಸರು.

ಮೊಳೆಗಳನ್ನು ಉಗಿದು ಅಂಗಡಿಯ ಯಜಮಾನಿಯನ್ನು ಕರೆದಳು. ಆಕೆ ಇನ್ನೂ ಚಿಕ್ಕ ವಯಸ್ಸಿನವಳು, ಒಂದು ಕಿವಿಯಲ್ಲಿ ಇಯರ್‌ಫೋನ್.

"ಅಮ್ಮಾ, ಅದನ್ನ ಇಳಿಸಿ ಒಂದ್ಸಲ ಹಾಕಿ."

"ಅಯ್ಯೋ ಆಂಟಿ, ಅದು ಹಾಕೋಕಲ್ಲ. ಗೋಡೆಗೆ. ಬಣ್ಣ ಚೆನ್ನಾಗಿದೆ ಅಂತ ತಂದಿದ್ದು. ಯಾವ ಹಾಡು ಹೇಳಿ, ಫೋನಲ್ಲಿ ಹಾಕ್ತೀನಿ."

"ಫೋನಲ್ಲಿರೋದು ಒಗೆದು ಹಾಕಿದ್ದು. ನನಗೆ ಕೊಳೆ ಇರೋದೇ ಬೇಕು."

"ಅಂಟಿಸಿಬಿಟ್ಟಿದೀವಿ ಆಂಟಿ. ಆ ಪ್ಲೇಯರ್ ಕೂಡ ಸುಮ್ನೆ ಶೋಗೆ."

ಕೌಂಟರಿನ ತುದಿಯಲ್ಲಿ ಪ್ಲೇಯರ್ ಇತ್ತು, ಮುಚ್ಚಳದ ಮೇಲೆ ಹೂಕುಂಡ ಹೊತ್ತುಕೊಂಡು.

ಮೊಳೆಯಕ್ಕ ಸುತ್ತಿಗೆಯನ್ನು ನೆಲಕ್ಕಿಟ್ಟಳು. "ಹಾಗಿದ್ರೆ ನಿಮ್ಮ ಗಾದೀನೂ ಶೋಗೇ ಇರಲಿ. ಗೋಡೆಗೆ ಹೊಡ್ಕೊಡ್ತೀನಿ. ಬಣ್ಣ ಚೆನ್ನಾಗೇ ಇದೆ."

"ಜನ ಎಲ್ಲಿ ಕೂತ್ಕೋಬೇಕು?"

"ಕೂತ್ಕೊಳ್ಳೋದ್ಯಾಕೆ? ನೋಡ್ಲಿ. ಇಲ್ಲಿರೋದೆಲ್ಲ ನೋಡೋಕೆ ತಾನೆ?"

ಲೋಟ ಹಿಡಿದು ನಿಂತೇ ಇದ್ದ ಒಂದಿಬ್ಬರು ಗಿರಾಕಿಗಳು ಇತ್ತ ತಿರುಗಿದರು. ಗಂಡ ಪಿಸುಗುಟ್ಟಿದ, "ಏನೇ ಇದು, ಇರೋ ಕೆಲಸಕ್ಕೂ ಕಲ್ಲು ಹಾಕ್ತೀಯಾ?"

"ಹಾಕ್ತೀನಿ. ನೀವು ಬೇಕಾದ್ರೆ ಮನೆಗೆ ಹೋಗಿ."

ಆತ ಮನೆಗೆ ಹೋಗಲಿಲ್ಲ. ತಲೆ ಕೆರೆದುಕೊಂಡು ಕೌಂಟರಿನತ್ತ ನಡೆದು, ಪ್ಲೇಯರಿನ ಮೇಲಿದ್ದ ಹೂಕುಂಡವನ್ನು ಎತ್ತಿ ಕೆಳಗಿಟ್ಟ. ನಿಂತಿದ್ದ ಮುದುಕರೊಬ್ಬರು, "ಒಂದ್ಸಲ ಹಾಕಿಬಿಡಮ್ಮ ತಾಯಿ, ನನ್ನ ಮಂಡಿ ಹೋಗ್ತಿದೆ" ಎಂದರು.

"ಮುರಿದುಹೋದ್ರೆ?" ಎಂದಳು ಯಜಮಾನಿ. ಅವಳ ದನಿ ಆಗಲೇ ಸೋತಿತ್ತು.

ಮೊಳೆಯಕ್ಕ ಚೌಕಟ್ಟನ್ನು ಇಳಿಸಿ, ಮೇಣ ಸವರಿದ ಹೊಲಿಗೆ ದಾರವನ್ನು ರೆಕಾರ್ಡಿನ ಬೆನ್ನಿಗೆ ತೂರಿಸಿ, ಗರಗಸದಂತೆ ಅತ್ತಿತ್ತ ಎಳೆಯತೊಡಗಿದಳು. ಅಂಟು ಬಿಟ್ಟಿತು. ಬೇಕಾದ ಹಾಡು ಇದ್ದದ್ದೂ ಅಂಟಿನ ಕಡೆಯೇ. ಪುಣ್ಯಕ್ಕೆ ನಡುವಿನ ಕಾಗದಕ್ಕಷ್ಟೇ ಮೆತ್ತಿತ್ತು.

ಮುಳ್ಳು ಕೂತಿತು. ಮೊದಲು ಎಣ್ಣೆಯಲ್ಲಿ ಏನೋ ಕರಿದಂಥ ಸದ್ದು, ಆಮೇಲೆ ಹಾಡು. ಮೊಳೆಯಕ್ಕ ಮತ್ತೆ ಬಾಯಿಗೆ ಮೊಳೆ ತುಂಬಿಕೊಂಡು, ಬೆಂಚಿನ ಮೇಲೆ ಬಟ್ಟೆ ಎಳೆದು ಹಿಡಿದಳು. ಎರಡನೆಯ ಚರಣ ಮುಗಿಯುತ್ತಾ ಬಂತು. ಎರಡು ಸುತ್ತಿಗೆಗಳು ಮೇಲೆದ್ದವು.

ಟಿಣ್!

"ಏನೋ ಬಿತ್ತು" ಎಂದು ಯಜಮಾನಿ ಬಗ್ಗಿ ನೆಲ ನೋಡಿದಳು. ಮುದುಕರೂ ಕಾಲೆತ್ತಿ ನೋಡಿದರು. ಅಷ್ಟರಲ್ಲಿ ನಗು ಬಂತು, ಸುತ್ತಿಗೆಗಳು ಬಿದ್ದವು.

"ಯಾರು ಆಂಟಿ ನಕ್ಕಿದ್ದು?"

ಮೊಳೆಯಕ್ಕನ ಬಾಯಿ ತುಂಬ ಮೊಳೆ. "ಗದ್ದಲ" ಎಂದ ಗಂಡ.

ಕೊನೆಯ ಗಾದಿಯವರೆಗೂ ಅದೊಂದೇ ಹಾಡು, ತಿರುಗಿ ತಿರುಗಿ. ಕೆಲಸ ಮುಗಿದಾಗ ಮೊಳೆಯಕ್ಕ ರೆಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡಳು.

"ಆಂಟಿ, ಅದು ನಂದು! ಇಲ್ಲೇ ಇರಲಿ, ದಿನಾ ಹಾಕ್ತೀನಿ."

"ಆ ಆ್ಯಪೂ ಹಾಗೇ ಹೇಳಿತ್ತಮ್ಮ. ಚಿತ್ರ ನೀವಿಟ್ಕೊಳ್ಳಿ, ನಿಮಗೆ ಬೇಕಾಗಿದ್ದು ಅದೇ. ದನಿ ನಮ್ಮನೇದು. ಕೊಡಲ್ಲ."

ಯಜಮಾನಿ ಆಕೆಯ ಮುಖ ನೋಡಿದಳು, ಕಂಕುಳು ನೋಡಿದಳು. ಕೊನೆಗೆ, "ಸರಿ, ತಗೊಂಡು ಹೋಗಿ. ಚೌಕಟ್ಟು ಖಾಲಿ ಆಯ್ತಲ್ಲ?" ಎಂದಳು.

ಮೊಳೆಯಕ್ಕ ಹಳೆಯ ಗಾದಿಯ ರಾಶಿಗೆ ಕೈ ಹಾಕಿ, ನೂಲು ನೂಲಾಗಿ ತೆಳ್ಳಗಾದ ಜಾಗ ಹುಡುಕಿ, ದುಂಡಗೆ ಒಂದು ತುಂಡು ಕತ್ತರಿಸಿ ಚೌಕಟ್ಟಿನಲ್ಲಿ ಕೂರಿಸಿದಳು.

"ಇದೇನು ಅಂತ ಜನ ಕೇಳಿದ್ರೆ?"

"ಕೂತು ಕೂತು ಸವೆದಿದ್ದು ಅನ್ನಿ. ನಿಮ್ಮ ಗೋಡೆ ಮೇಲೆ ಬಳಸಿದ್ದು ಅಂತ ಇರೋದು ಅದೊಂದೇ."

ಬೀದಿಗಿಳಿದ ಮೇಲೆ ಗಂಡ ಕೇಳಿದ, "ಎಲ್ಲಾ ಸರಿ ಮಹರಾಯ್ತಿ, ನಮ್ಮನೇಲಿ ಪ್ಲೇಯರ್ ಎಲ್ಲಿದೆ?"

"ಹುಡುಕೋಣ. ಮೊದಲು ಆ ಆ್ಯಪಿಗೆ ಕಟ್ಟೋದು ನಿಲ್ಸಿ."

ಆತ ನಡೆಯುತ್ತಲೇ ಫೋನ್ ಒತ್ತಿದ. "ನಮ್ಮನ್ನು ಬಿಟ್ಟುಹೋಗಲು ನಿಜವಾಗಿಯೂ ಬಯಸುತ್ತೀರಾ ಅಂತ ಕೇಳ್ತಿದೆ ಕಣೆ, ಪಾಪ."

ಮೊಳೆಯಕ್ಕ ರೆಕಾರ್ಡನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ಅಂಟು ಮೆತ್ತಿದ ಹೆಬ್ಬೆರಳನ್ನು ತಾನೇ ಫೋನಿನ ‘ಹೌದು’ ಮೇಲೆ ಒತ್ತಿದಳು, ಮೊಳೆ ಹೊಡೆದ ಹಾಗೆ.